ನಂಜನಗೂಡಿನ ನಂಜಿಲ್ಲದ ಹಾವು

ನಂಜನಗೂಡೆಂಬ ಹೆಸರಿನಲ್ಲಿಯೇ ನಂಜಿದೆ. ಲೋಕದ ವಿಷವನ್ನು ಕಂಠದಲ್ಲಿ ತಡೆದ ಶ್ರೀಕಂಠೇಶ್ವರನನ್ನು ನಮ್ಮ ಜನ ನಂಜುಂಡನೆಂದು ಕರೆದರು. ಅವನು ನೆಲಸಿದ ಊರು ನಂಜನಗೂಡಾಯಿತು. ಈ ಸೀಮೆಯಲ್ಲಿ ನಂಜಪ್ಪ, ನಂಜಮ್ಮ, ನಂಜುಂಡಯ್ಯ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ನಂಜನ್ನು ಇಷ್ಟು ಹತ್ತಿರದಿಂದ ಬಲ್ಲ ಜನ ಅದು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನೂ ಚೆನ್ನಾಗಿ ಅರಿತಿರಬೇಕಷ್ಟೆ? ಹಾಗಿಲ್ಲವೆಂಬುದನ್ನು ನನಗೆ ಎರಡು ಪ್ರಸಂಗಗಳು ಕಲಿಸಿದವು.

ಮೊದಲನೆಯದು ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ನಡೆದದ್ದು. ಮಧ್ಯಾಹ್ನದ ಬಿಡುವಿನಲ್ಲಿ, ಸೌದೆ ಒಟ್ಟಿದ್ದ ಮೂಲೆಯಿಂದ ಮಾರುದ್ದದ ಹಾವೊಂದು ಹೊರಬಿತ್ತು. "ನಾಗರಹಾವು, ನಾಗರಹಾವು" ಎಂದು ಕೂಗೆದ್ದಿತು. ನಾನು ಹೊರಗೆ ಬರುವಷ್ಟರಲ್ಲಿ ಹುಡುಗರು ಅದನ್ನು ಬಡಿದುಹಾಕಿದ್ದರು. ಹೆಡೆ ಎಲ್ಲಿ ಎಂದು ಕೇಳಿದೆ. ಯಾರೂ ಹೆಡೆಯನ್ನು ಕಂಡಿರಲಿಲ್ಲ. ಶಾಲೆಯ ಮುದುಕ ಜವಾನ ಕೋಲಿನ ತುದಿಯಿಂದ ಅದನ್ನು ಹೊರಳಿಸಿ, "ಅಯ್ಯೋ, ಇದು ಕೇರೆ ಕಣ್ರಪ್ಪಾ! ನಿಮಗೇನು ಮಾಡಿತ್ತು?" ಎಂದ. ಉತ್ತರ ಹೇಳುವವರಿರಲಿಲ್ಲ.

ಎರಡನೆಯದು ತಿರುಮಕೂಡಲು ನರಸೀಪುರದ ಕಡೆಯ ಒಂದು ಹಳ್ಳಿಯದು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮುಚ್ಚಂಜೆಯಲ್ಲಿ ಗದ್ದೆಗೆ ನೀರು ತಿರುಗಿಸಲು ಹೋಗಿದ್ದಾಗ ಬದುವಿನ ಮೇಲೆ ಹಾವು ಕಚ್ಚಿತು. ಉದ್ದನೆಯ ಹಾವು ಸರಿದುಹೋದದ್ದನ್ನು ಅರೆಬೆಳಕಿನಲ್ಲಿ ಕಂಡಿದ್ದ ಆತ, "ಕೇರೆ, ಏನಾಗುತ್ತೆ ಬಿಡಿ" ಎಂದು ಮನೆಗೆ ಬಂದು, ಅರಿಸಿನ ಹಚ್ಚಿಸಿಕೊಂಡು ಕುಳಿತ. ಕಣ್ಣೆವೆಗಳು ತಾವಾಗಿಯೇ ಇಳಿಬೀಳತೊಡಗಿ ಮಾತು ತೊದಲಿದಾಗ ಮನೆಯವರು ಗಾಬರಿಗೊಂಡು ಆಸ್ಪತ್ರೆಗೆ ಒಯ್ದರು. ದೈವಕೃಪೆ, ಜೀವ ಉಳಿಯಿತು. ಕಚ್ಚಿದ್ದು ನಾಗರ.

ಒಂದು ಕಡೆ ನಾಗರವೆಂದು ಕೇರೆಯನ್ನು ಕೊಂದರು. ಇನ್ನೊಂದು ಕಡೆ ಕೇರೆಯೆಂದು ನಾಗರವನ್ನು ಅಲಕ್ಷಿಸಿದರು. ಒಂದೇ ಅಜ್ಞಾನದ ಎರಡು ಮುಖಗಳಿವು. ನಮ್ಮ ಹೊಲಮನೆಗಳಲ್ಲಿಯೇ ಬಾಳಿಕೊಂಡು ಬಂದಿರುವ ಈ ನೆರೆಯವನನ್ನು ಹಿಂದಿನವರು ಹೇಗೆ ಕಂಡರು, ಎಲ್ಲಿ ಸರಿಯಾಗಿ ನೋಡಿದರು, ಎಲ್ಲಿ ಎಡವಿದರು ಎಂಬ ಚರಿತ್ರೆಯನ್ನು ಸ್ವಲ್ಪ ಅವಲೋಕಿಸೋಣ.

ಕನ್ನಡ ಪಂಡಿತನಾದ ನಾನು ಮಾತಿನಿಂದಲೇ ತೊಡಗಿದರೆ ಓದುಗರು ಮನ್ನಿಸಬೇಕು. ಕೆರೆ ಬೇರೆ, ಕೇರೆ ಬೇರೆ. ನೀರಿನ ಕೆರೆ ಹಳಗನ್ನಡದಲ್ಲಿ ಶಕಟರೇಫವುಳ್ಳ 'ಕೆಱೆ'. ಹಾವಿನ ಹೆಸರಿಗೆ ದೀರ್ಘವೂ ಸಾಮಾನ್ಯ ರೇಫವೂ ಉಂಟು. ಇದೇ ಹಾವನ್ನು ತಮಿಳರು 'ಸಾರೈ' ಎನ್ನುತ್ತಾರೆ, ಮಲೆಯಾಳಿಗಳು 'ಚೇರ' ಎನ್ನುತ್ತಾರೆ. ತುಳುವರು ನಮ್ಮಂತೆಯೇ ಕಕಾರದಿಂದ ಕರೆಯುತ್ತಾರೆ. ನಮ್ಮ ಕಿವಿ ತಮಿಳಿನಲ್ಲಿ 'ಸೆವಿ'. ನಮ್ಮ ಕೇರಿ ಅಲ್ಲಿ 'ಸೇರಿ'. ಹೀಗೆ ಇಕಾರ ಎಕಾರಗಳೊಡನೆ ಕೂಡಿದ ನಮ್ಮ ಕಕಾರ ಆ ಭಾಷೆಗಳಲ್ಲಿ ಚಕಾರವಾಗಿ ನಿಲ್ಲುವುದು ಭಾಷಾಶಾಸ್ತ್ರಜ್ಞರಿಗೆ ಚಿರಪರಿಚಿತವಾದ ನಿಯಮ. ಇದರಿಂದ ತಿಳಿಯುವುದೇನು? ಕೇರೆಯ ಹೆಸರು ನಾವು ನೆರೆಯವರಿಂದ ಪಡೆದ ಎರವಲಲ್ಲ, ಅವರು ನಮ್ಮಿಂದ ಪಡೆದದ್ದೂ ಅಲ್ಲ. ಈ ನುಡಿಗಳು ಕವಲೊಡೆಯುವುದಕ್ಕೆ ಮೊದಲೇ ಇದ್ದ ಮನೆಮಾತು ಅದು. ಪಾಲಾದ ಅಣ್ಣತಮ್ಮಂದಿರು ಹಿರಿಯರ ಮನೆಯ ಪಾತ್ರೆಗಳನ್ನು ತಮ್ಮ ತಮ್ಮ ಮನೆಗೆ ಒಯ್ದಂತೆ, ದ್ರಾವಿಡ ಸೋದರಿಯರು ಈ ಹಾವಿನ ಹೆಸರನ್ನು ಜೊತೆಗೆ ಒಯ್ದರು.

ಎಲ್ಲವೂ ಹಾವೇ ಆಗಿದ್ದರೆ ಒಂದು 'ಹಾವು' ಎಂಬ ಮಾತೇ ಸಾಕಾಗಿತ್ತು. ಕೇರೆಗೆ ಬೇರೆ ಹೆಸರು ಕೊಟ್ಟವರು ಅದನ್ನು ನಾಗರದಿಂದ ಬೇರ್ಪಡಿಸಿ ನೋಡಿದ್ದರು. ನೋಡುವ ಅವಕಾಶವೂ ಅವರಿಗೆ ಧಾರಾಳವಾಗಿತ್ತು. ಕಾವೇರಿ ಕಪಿಲೆಯರು ಕೂಡುವ ನರಸೀಪುರದ ಬಳಿ 1959ರಲ್ಲಿ ಮೊದಲಾದ ಉತ್ಖನನ ಪುರಾತತ್ವಜ್ಞ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆಯಿತು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಹಿಡಿದು, ಮಡಕೆ ಮಾಡಿ, ಸತ್ತವರನ್ನು ಹೂಳಿ, ಒಂದೆಡೆ ನೆಲೆನಿಂತ ನವಶಿಲಾಯುಗದ ಜನರ ವಸತಿ ಅಲ್ಲಿ ಬೆಳಕಿಗೆ ಬಂತು. ಮನುಷ್ಯ ನೆಲೆನಿಂತು ಕಾಳು ಕೂಡಿಟ್ಟಲ್ಲಿ ಇಲಿ ಬರುತ್ತದೆ. ಇಲಿ ಬಂದಲ್ಲಿ ಕೇರೆ ಬರುತ್ತದೆ. ಸಂಗಮದ ಮರಳದಂಡೆಯಲ್ಲಿ ಈ ಮೂವರ ಸಹವಾಸ ಅಷ್ಟು ಹಳೆಯದಾಗಿರಬೇಕು.

ಇನ್ನು ಗ್ರಂಥಗಳ ಮಾತು. ಮಹಾಭಾರತದ ಆದಿಪರ್ವದಲ್ಲಿ ರುರುವೆಂಬ ಋಷಿಕುಮಾರನ ಕಥೆಯುಂಟು. ಅವನಿಗೆ ನಿಶ್ಚಯವಾಗಿದ್ದ ಕನ್ಯೆ ಪ್ರಮದ್ವರೆ ಹಾವು ಕಚ್ಚಿ ಸತ್ತಳು. ರುರು ತನ್ನ ಆಯುಷ್ಯದಲ್ಲಿ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡ. ಆದರೂ ಕೋಪ ಆರಲಿಲ್ಲ. ಕಂಡ ಹಾವನ್ನೆಲ್ಲ ಬಡಿಯತೊಡಗಿದ. ಒಂದು ದಿನ ಕಾಡಿನಲ್ಲಿ ಮಲಗಿದ್ದ ಮುದಿ ಡುಂಡುಭದ ಮೇಲೆ ದಂಡವೆತ್ತಿದ. ಡುಂಡುಭವೆಂದರೆ ವಿಷವಿಲ್ಲದ ಹಾವು. ಅದು ಕೇಳಿದ್ದು ನಮ್ಮ ಜವಾನ ಕೇಳಿದ ಪ್ರಶ್ನೆಯನ್ನೇ: ನಾನು ನಿನಗೆ ಏನು ಮಾಡಿದ್ದೇನೆ? ಕಚ್ಚುವ ಹಾವುಗಳು ಬೇರೆ, ನಾವು ಬೇರೆ. ಧರ್ಮ ಬಲ್ಲವನು ರೂಪವೊಂದನ್ನೇ ಕಂಡು ಕೊಲ್ಲಬಾರದು ಎಂಬುದು ಅದರ ವಾದದ ತಾತ್ಪರ್ಯ. ಶಾಪದಿಂದ ಹಾವಾಗಿದ್ದ ಋಷಿಯ ಬಾಯಿಂದ ವ್ಯಾಸರು ಈ ಮಾತನ್ನು ಆಡಿಸಿದ್ದಾರೆ.

ವೈದ್ಯಗ್ರಂಥಗಳು ಇನ್ನೂ ಸ್ಪಷ್ಟವಾಗಿವೆ. ಸುಶ್ರುತಸಂಹಿತೆ ಹಾವುಗಳನ್ನು ಎಂಬತ್ತೆಂದು ಎಣಿಸಿ, ಹೆಡೆಯುಳ್ಳ ದರ್ವೀಕರ, ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ವಿಂಗಡಿಸುತ್ತದೆ. ಹನ್ನೆರಡನ್ನು ನಿರ್ವಿಷವೆಂದು ಬೇರೆಯಾಗಿಯೇ ಹೇಳುತ್ತದೆ. ನಮ್ಮ ಕನ್ನಡದಲ್ಲಿಯೂ ಹದಿನಾಲ್ಕನೆಯ ಶತಮಾನದ ಮಂಗರಾಜ ಕವಿ 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದ. ವಿಷಶಾಸ್ತ್ರದಂಥ ಒಣ ವಿಷಯವನ್ನು ಪದ್ಯದಲ್ಲಿ ಕಟ್ಟಿ ಕನ್ನಡಿಗರ ಕೈಗಿತ್ತ ಆ ಪುಣ್ಯಾತ್ಮನನ್ನು ನಾವು ಪರೀಕ್ಷೆಯ ಪ್ರಶ್ನೆಗೆ ಮಾತ್ರ ನೆನೆಯುತ್ತೇವೆ. ಕಲ್ಲಿನ ನಾಗರಕ್ಕೂ ದಿಟದ ನಾಗರಕ್ಕೂ ನಾವು ಮಾಡುವ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಎತ್ತಿ ಆಡಿದ್ದರು.

ಆದರೆ ಸುಶ್ರುತನ ಪಟ್ಟಿಯಲ್ಲಿ 'ವೈಕರಂಜ'ವೆಂಬ ಇನ್ನೊಂದು ಗುಂಪೂ ಇದೆ: ಬೇರೆ ಬೇರೆ ಜಾತಿಯ ಹಾವುಗಳು ಕೂಡಿ ಹುಟ್ಟಿದ ಮಿಶ್ರಸಂತಾನ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವ 'ಕೇರೆ ಗಂಡು, ನಾಗರ ಹೆಣ್ಣು' ಎಂಬ ನಂಬಿಕೆ ಇದಕ್ಕೆ ದೂರದ ನೆಂಟನಂತೆ ತೋರುತ್ತದೆ. ಇದು ನಿಜವಲ್ಲ. ಎರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಹಾವುಗಳು. ಕೇರೆಯಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು, ನಾಗರದಲ್ಲಿಯೂ ಹಾಗೆಯೇ.

ಈಗ ಪಶ್ಚಿಮದ ವಿದ್ವಾಂಸರ ಕಡೆಗೆ ತಿರುಗೋಣ. ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಈ ಹಾವಿಗೆ ಲ್ಯಾಟಿನ್ನಿನಲ್ಲಿ 'ಕೊಲೂಬರ್ ಮ್ಯೂಕೋಸಸ್' ಎಂದು ಹೆಸರಿಟ್ಟ. ಮ್ಯೂಕೋಸಸ್ ಎಂದರೆ ಲೋಳೆಯುಳ್ಳದ್ದು. ಕೇರೆಯ ಮೈಯಾದರೋ ಒಣಗಿದ್ದು, ನುಣುಪಾದದ್ದು. ಅನಂತರ 1843ರಲ್ಲಿ ಫಿಟ್ಸಿಂಗರನು ಕಟ್ಟಿದ 'ಟ್ಯಾಸ್' ಎಂಬ ಕುಲದೊಳಗೆ ಇದು ಸೇರಿತು. ಗ್ರೀಕಿನಲ್ಲಿ ಆ ಮಾತಿಗೆ ಉಗುಳುವುದು ಎಂದರ್ಥ. ವಿಷ ಉಗುಳುತ್ತದೆಂದು ಪ್ರಾಚೀನರು ನಂಬಿದ್ದ ಒಂದು ಹಾವಿನ ಹೆಸರದು. ಹೀಗೆ ಲೋಳೆಯಿಲ್ಲದ, ಉಗುಳಲೊಲ್ಲದ, ವಿಷವಿಲ್ಲದ ನಮ್ಮ ಕೇರೆ ಶಾಸ್ತ್ರದ ಪುಸ್ತಕದಲ್ಲಿ 'ಲೋಳೆಯ ಉಗುಳುಹಾವು' ಆಗಿ ಕುಳಿತಿದೆ.

ಇದರಲ್ಲಿ ವ್ಯಾಕರಣದ ಒಂದು ಸ್ವಾರಸ್ಯವೂ ಉಂಟು. ಸಂಸ್ಕೃತದಂತೆ ಲ್ಯಾಟಿನ್ನಿನಲ್ಲಿಯೂ ವಿಶೇಷಣವು ವಿಶೇಷ್ಯದ ಲಿಂಗವನ್ನೇ ಅನುಸರಿಸಬೇಕು. ಕೊಲೂಬರ್ ಪುಲ್ಲಿಂಗ, ಆದ್ದರಿಂದ ಮ್ಯೂಕೋಸಸ್ ಸರಿ. ಟ್ಯಾಸ್ ಸ್ತ್ರೀಲಿಂಗ, ಆದ್ದರಿಂದ 'ಮ್ಯೂಕೋಸ' ಆಗಬೇಕು. ಈ ತಪ್ಪು ನೂರಾರು ಪುಸ್ತಕಗಳಲ್ಲಿ ಹಾಗೆಯೇ ನಡೆದುಬಂತು. ಪ್ಯಾಟ್ರಿಕ್ ಡೇವಿಡ್ ಮತ್ತು ಇಂದ್ರನೀಲ್ ದಾಸ್ ಎಂಬ ವಿದ್ವಾಂಸರು 2004ರಲ್ಲಿ ಇದನ್ನು ತೋರಿಸಿಕೊಟ್ಟು ತಿದ್ದಿದರು. ಪ್ರಾಣಿಶಾಸ್ತ್ರದಲ್ಲಿಯೂ ವ್ಯಾಕರಣ ಪಂಡಿತನಿಗೆ ಕೆಲಸವಿದೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಹೆಸರಿಡುವುದಕ್ಕಿಂತ ಹಾವನ್ನು ನೋಡುವ ಕೆಲಸದಲ್ಲಿ ಹೆಚ್ಚಿನ ಶ್ರಮಪಟ್ಟವನು ಪ್ಯಾಟ್ರಿಕ್ ರಸೆಲ್. ವೈದ್ಯನಾಗಿದ್ದ ಈತ ವಿಶಾಖಪಟ್ಟಣದಲ್ಲಿದ್ದುಕೊಂಡು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ, ಅವು ಕಚ್ಚಿದರೆ ಏನಾಗುವುದೆಂದು ಪರೀಕ್ಷಿಸಿ, 1796ರಲ್ಲಿ ಚಿತ್ರಸಹಿತವಾದ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಜನರು ಭಯಪಡುವ ಹಾವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ ಎಂಬುದು ಅವನ ಶ್ರಮದಿಂದ ಸ್ಥಿರಪಟ್ಟಿತು. ಊರ ಜನ ಕರೆಯುವ ತೆಲುಗು ಹೆಸರುಗಳನ್ನೇ ಅವನು ಬರೆದಿಟ್ಟುಕೊಂಡದ್ದು ಮೆಚ್ಚತಕ್ಕ ಮಾತು. ನಮ್ಮ ಕೊಳಕುಮಂಡಲ ಇಂಗ್ಲಿಷಿನಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೇನಾವೈದ್ಯ ಫ್ರಾಂಕ್ ವಾಲ್, ಮುಂಬಯಿಯ ಪ್ರಕೃತಿ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಸಾಮಾನ್ಯ ಹಾವುಗಳ ವಿಷಯವಾಗಿ ಲೇಖನಮಾಲೆಯನ್ನೇ ಬರೆದ. ಜನ ಕೊಂದು ತಂದ ಹಾವುಗಳನ್ನು ಸೀಳಿ, ಹೊಟ್ಟೆಯಲ್ಲಿದ್ದ ಆಹಾರವನ್ನೂ ಮೊಟ್ಟೆಗಳನ್ನೂ ಎಣಿಸಿದವನು ಅವನು. 1943ರಲ್ಲಿ ಮಾಲ್ಕಮ್ ಸ್ಮಿತ್ ಈ ಅರಿವನ್ನೆಲ್ಲ ಒಂದು ಸಂಪುಟದಲ್ಲಿ ಒಟ್ಟುಗೂಡಿಸಿದ.

ಕೇರೆಯಲ್ಲಿ ಉಪಜಾತಿಗಳುಂಟೆ? ನಮ್ಮ ಹೊಲಗಳಲ್ಲಿ ಹಳದಿ ಕೇರೆ, ಕಂದು ಕೇರೆ, ಕಪ್ಪು ಕೇರೆ ಎಂದು ಜನ ಹೇಳುವುದುಂಟು. ಬಣ್ಣದ ಭೇದ ಒಂದೇ ಜಾತಿಯೊಳಗಿನ ಭೇದ. ಒಡಹುಟ್ಟಿದವರಲ್ಲಿ ಒಬ್ಬ ಕೆಂಪಗೆ, ಒಬ್ಬ ಕಪ್ಪಗೆ ಇರುವಂತೆ. ಶ್ರೀಲಂಕೆಯ ಕೇರೆಯನ್ನು ಬೇರೆ ಉಪಜಾತಿಯೆಂದು ಪಿ. ಇ. ಪಿ. ದೇರಣಿಯಗಲ ಅವರು 1955ರಲ್ಲಿ ಹೆಸರಿಸಿದರು. ಅದನ್ನು ಎಲ್ಲರೂ ಒಪ್ಪಿಲ್ಲ. ಬಣ್ಣ ಉದ್ದಗಳನ್ನು ಮಾತ್ರ ನಂಬದೆ, ಹುರುಪೆಗಳನ್ನು ಎಣಿಸಿ, ವಂಶವಾಹಿಗಳನ್ನೂ ಹೋಲಿಸಿ ತೀರ್ಮಾನಿಸುವುದು ಈಗಿನ ಪದ್ಧತಿ. ಅದೇ ಪದ್ಧತಿಯಿಂದ 2024ರಲ್ಲಿ ಕಾಳಿಂಗಸರ್ಪ ಒಂದಲ್ಲ, ನಾಲ್ಕು ಜಾತಿ ಎಂದು ತೋರಿಬಂದು, ಪಶ್ಚಿಮಘಟ್ಟದ ಜಾತಿಗೆ 'ಕಾಳಿಂಗ' ಎಂಬ ಹೆಸರೇ ಶಾಸ್ತ್ರನಾಮವಾಯಿತು. ಆ ಕಾಳಿಂಗನ ಮುಖ್ಯ ಆಹಾರಗಳಲ್ಲಿ ಒಂದು ಈ ಕೇರೆ. ತಿನ್ನುವವನಿಗೆ ಕನ್ನಡದ ಹೆಸರು ಸಿಕ್ಕಿತು; ತಿನ್ನಿಸಿಕೊಳ್ಳುವವನು ಇನ್ನೂ ಲೋಳೆಯ ಉಗುಳುಹಾವೇ!

ಕೇರೆಯ ಸಂಸಾರದಲ್ಲಿ ನಾವು ಬಹಳವಾಗಿ ತಪ್ಪು ತಿಳಿದಿರುವುದು ಅದರ ನೃತ್ಯವನ್ನು. ಎರಡು ಹಾವುಗಳು ಹಗ್ಗದಂತೆ ಹೆಣೆದುಕೊಂಡು, ಮುಂಭಾಗವನ್ನು ಎತ್ತರಕ್ಕೆ ಎತ್ತಿ, ಬೀಳುತ್ತ ಏಳುತ್ತ ಬಹಳ ಹೊತ್ತು ಆಡುವುದನ್ನು ಹಳ್ಳಿಯ ಹಿರಿಯರು ಒಮ್ಮೆಯಾದರೂ ಕಂಡಿರುತ್ತಾರೆ. ಅದನ್ನು ಮಿಲನವೆಂದು ತಿಳಿದು ಕೈಮುಗಿಯುವವರುಂಟು. ಬಿಳಿಯ ಬಟ್ಟೆಯನ್ನು ಮೇಲೆ ಹೊದಿಸಿ, ಅನಂತರ ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆನ್ನುವವರೂ ಉಂಟು. ಅರಳಿಕಟ್ಟೆಗಳ ಮೇಲಿನ ನಾಗರಕಲ್ಲುಗಳಲ್ಲಿ ಹೆಣೆದುಕೊಂಡ ಜೋಡಿಯನ್ನು ಕಾಣುವಾಗ, ಕಲ್ಲುಕುಟಿಗನೂ ಎಲ್ಲಿಯೋ ಇಂಥ ದೃಶ್ಯವನ್ನು ಕಂಡಿರಬೇಕೆಂದು ನನಗೆ ಅನಿಸುತ್ತದೆ. ಪಾಶ್ಚಾತ್ಯರು ಕೂಡ ಬಹುಕಾಲ ಇದನ್ನು ಸರಸವೆಂದೇ ಬರೆದರು. ಹೀಗೆ ಆಡುವ ಹಾವುಗಳನ್ನು ಹಿಡಿದು ಪರೀಕ್ಷಿಸಿದಾಗ ಎರಡೂ ಗಂಡೇ ಎಂಬುದು ತಿಳಿದುಬಂತು. ಅದು ಜಟ್ಟಿಗಳ ಕಾಳಗ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಬೇಕು, ಅಷ್ಟೆ, ಕಚ್ಚಾಟವಿಲ್ಲ, ರಕ್ತಪಾತವಿಲ್ಲ. ಸೋತವನು ಎದ್ದು ಹೋಗುತ್ತಾನೆ. ದಸರಾ ಕುಸ್ತಿಯನ್ನು ಕಂಡ ಮೈಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಿಜವಾದ ಮಿಲನವಾದರೋ ನೆಲದ ಮೇಲೆ ಸದ್ದಿಲ್ಲದೆ ನಡೆಯುತ್ತದೆ. ಅದನ್ನು ಕಂಡವರು ವಿರಳ.

ಹೆಣ್ಣು ಕೇರೆ ಇಲಿಯ ಬಿಲ, ಹುತ್ತ, ಮರದ ಪೊಟರೆ, ತರಗೆಲೆಯ ರಾಶಿ ಇಂಥ ಕಡೆ ಸಾಮಾನ್ಯವಾಗಿ ಆರರಿಂದ ಹದಿನೈದರವರೆಗೆ ಮೊಟ್ಟೆಯಿಡುತ್ತದೆ. ಕೋಳಿಮೊಟ್ಟೆಯಂತೆ ಗಡುಸಾದ ಚಿಪ್ಪಲ್ಲ, ತೊಗಲಿನಂಥ ಹೊದಿಕೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಅದನ್ನು ಒಳಗಿನಿಂದ ಕೊಯ್ದು ಹೊರಬರುತ್ತವೆ. ಹುಟ್ಟುವಾಗಲೇ ಒಂದಡಿಗಿಂತ ಉದ್ದ. ಮೈಯ ಮುಂಭಾಗದಲ್ಲಿ ತಿಳಿಬಣ್ಣದ ಅಡ್ಡಪಟ್ಟಿಗಳು. ಬೆಳೆದ ಕೇರೆ ಸಾಮಾನ್ಯವಾಗಿ ಐದಾರು ಅಡಿ. ಹತ್ತಡಿಯನ್ನು ಮೀರಿದವೂ ದಾಖಲೆಯಲ್ಲಿವೆ.

ಈ ಪ್ರಾಣಿಗೂ ನಮ್ಮ ಅನ್ನಕ್ಕೂ ಇರುವ ಸಂಬಂಧವನ್ನು ಈಗ ಹೇಳಬೇಕು. ನರಸೀಪುರ ತಾಲ್ಲೂಕಿನಲ್ಲಿ ತಲಕಾಡಿನ ಕಡೆಗೆ ಮಾಧವಮಂತ್ರಿಯ ಹೆಸರಿನ ಹಳೆಯ ಅಣೆಕಟ್ಟು ಕಾವೇರಿಯ ನೀರನ್ನು ಗದ್ದೆಗೆ ತಿರುಗಿಸುತ್ತ ಬಂದಿದೆ. 1974ರಲ್ಲಿ ಕಬಿನಿ ಜಲಾಶಯ ಪೂರ್ಣಗೊಂಡ ಮೇಲೆ ರಾಗಿ ಜೋಳದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಭತ್ತ, ಕಬ್ಬು ಇದ್ದಲ್ಲಿ ಇಲಿ ಹೆಗ್ಗಣ ತಪ್ಪಿದ್ದಲ್ಲ. ಬದುವನ್ನು ತೋಡಿ, ತೆನೆಯನ್ನು ಕತ್ತರಿಸಿ ಬಿಲಕ್ಕೆ ಎಳೆಯುವ ಇಲಿಯನ್ನು ರೈತ ಬೋನಿಟ್ಟು ಹಿಡಿಯುತ್ತಾನೆ, ಪಾಷಾಣವಿಟ್ಟು ಕೊಲ್ಲುತ್ತಾನೆ. ಆದರೆ ಕೇರೆ ಬಿಲದೊಳಕ್ಕೇ ನುಗ್ಗಿ ಮರಿಗಳ ಸಮೇತ ಇಲಿಯನ್ನು ಹಿಡಿಯುತ್ತದೆ. ಅದಕ್ಕೆ ವಿಷವಿಲ್ಲ, ಬೇಟೆಯನ್ನು ಬಾಯಲ್ಲಿ ಹಿಡಿದು, ಮೈಯಿಂದ ನೆಲಕ್ಕೆ ಅದುಮಿ ನುಂಗುತ್ತದೆ. ಕಪ್ಪೆ, ಓತಿ, ಹಕ್ಕಿಗಳನ್ನೂ ಬಿಡುವುದಿಲ್ಲ, ಅದು ಒಪ್ಪಬೇಕಾದ ಮಾತೇ. ಹಸುವಿನ ಹಾಲು ಕುಡಿಯುತ್ತದೆ, ಬಾಲದ ಮುಳ್ಳಿನಿಂದ ದನವನ್ನು ಕೊಲ್ಲುತ್ತದೆ ಎಂಬುದೆಲ್ಲ ಸುಳ್ಳು. ಹಾವಿನ ಬಾಯಿಗೆ ಹಾಲು ಹೀರುವ ಶಕ್ತಿಯಿಲ್ಲ, ಬಾಲದಲ್ಲಿ ಮುಳ್ಳಿಲ್ಲ.

ಇಂಥ ಉಪಕಾರಿಯನ್ನು ನಾವು ಚರ್ಮಕ್ಕಾಗಿಯೂ ಕೊಂದೆವು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹಾವಿನ ಚರ್ಮ ಚೀಲ, ಪಟ್ಟಿ, ಪಾದರಕ್ಷೆಗಳಾಗಲು ಪರದೇಶಗಳಿಗೆ ಹೋಗುತ್ತಿತ್ತು. ಕೇರೆಯದೂ ಅದರಲ್ಲಿ ಸೇರಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. 2022ರ ತಿದ್ದುಪಡಿ ಕೇರೆಯನ್ನು ಆ ಕಾನೂನಿನ ಮೊದಲನೆಯ ಅನುಸೂಚಿಗೆ ಏರಿಸಿತು. ಹುಲಿಗೆ ಇರುವ ರಕ್ಷಣೆಯೇ ಇಂದು ಕೇರೆಗೂ ಇದೆ. ಆದರೆ ಹಿತ್ತಿಲಲ್ಲಿ ಕೋಲು ಎತ್ತಿದ ಕೈಯನ್ನು ಯಾವ ಕಾನೂನು ಓಡಿಬಂದು ಹಿಡಿದೀತು?

ಹಾಗೆಂದು ಹಾವಿನ ಭಯ ನಿರಾಧಾರವೆಂದು ನಾನು ಹೇಳಲಾರೆ. 1869ರಲ್ಲಿ, ಬ್ರಿಟಿಷ್ ಇಂಡಿಯಾದ ಒಂದು ಭಾಗದಿಂದ ಬಂದ ಲೆಕ್ಕದಲ್ಲಿಯೇ 11,416 ಮಂದಿ ಹಾವು ಕಚ್ಚಿ ಸತ್ತರೆಂದು ಜೋಸೆಫ್ ಫೇರರ್ ಬರೆದ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹೀಗೆ ಸತ್ತರೆಂಬುದು 2020ರಲ್ಲಿ ಪ್ರಕಟವಾದ ಅಂದಾಜು. ಸತ್ತವರಲ್ಲಿ ಬಹುಮಂದಿ ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ವಿಧಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೇ ಹೆಚ್ಚಿನ ಸಾವಿಗೆ ಕಾರಣ. ಈ ಪಟ್ಟಿಯಲ್ಲಿ ಕೇರೆಯಿಲ್ಲ.

ಗುರುತು ಹೇಗೆ? ಕೇರೆಯ ಕಣ್ಣು ದೊಡ್ಡದು, ಪಾಪೆ ದುಂಡಗೆ. ಕತ್ತು ಸಣ್ಣದಾಗಿ ತಲೆ ಎದ್ದು ಕಾಣುತ್ತದೆ. ತುಟಿಯ ಮೇಲೆ ಶಾಯಿಯಿಂದ ಎಳೆದಂತೆ ಕಪ್ಪು ಗೆರೆಗಳು. ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟಿಗಳು. ಹಗಲು ಓಡಾಡುತ್ತದೆ, ಬಹು ಬೇಗ ಓಡುತ್ತದೆ. ಮೂಲೆಗೆ ಸಿಕ್ಕಿಬಿದ್ದರೆ ಕತ್ತನ್ನು ಉಬ್ಬಿಸಿ, ನಾಯಿ ಗುರುಗುಟ್ಟಿದಂತೆ ಸದ್ದುಮಾಡುತ್ತದೆ. ಹೆಡೆ ಮಾತ್ರ ಇಲ್ಲ. ಆದರೆ ಹೆಡೆ ಬಿಚ್ಚದೆ ಸರಿದುಹೋಗುವ ನಾಗರವೂ ಅರೆಬೆಳಕಿನಲ್ಲಿ ಕೇರೆಯಂತೆಯೇ ತೋರುತ್ತದೆ. ಆದ್ದರಿಂದ ಈ ಗುರುತುಗಳು ಹಾವಿನ ಪ್ರಾಣ ಉಳಿಸುವುದಕ್ಕೆ ಮಾತ್ರ. ಕಚ್ಚಿಸಿಕೊಂಡವನು ಇವನ್ನು ನೆನೆಯುತ್ತ ಕೂಡಬಾರದು. ಯಾವ ಹಾವೇ ಕಚ್ಚಲಿ, ಕಟ್ಟು ಬಿಗಿಯದೆ, ಕೊಯ್ಯದೆ, ಕೈಕಾಲು ಹೆಚ್ಚು ಅಲುಗಿಸದೆ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಒಡನೆಯೇ ಹೋಗಬೇಕು. ಮನೆಯೊಳಗೆ ಹಾವು ಬಂದರೆ ದೂರ ನಿಂತು, ಹಿಡಿಯಬಲ್ಲವರಿಗೆ ಹೇಳಿಕಳುಹಿಸಬೇಕು. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಅವರಂಥವರು ದಶಕಗಳ ಕಾಲ ಈ ಕೆಲಸ ಮಾಡಿ ಜನರ ಅಭ್ಯಾಸವನ್ನೇ ಬದಲಿಸಿದರು.

ಹುಡುಗರು ಕೇರೆಯನ್ನು ಕೊಂದ ಮರುದಿನ ನಾನು ಅವರಿಗೆ ಶಿಕ್ಷೆ ಕೊಡಲಿಲ್ಲ. ರುರುವಿನ ಕಥೆ ಹೇಳಿ, ತರಗತಿಗೆ ಒಂದು ಪುಸ್ತಕ ತಂದಿಟ್ಟೆ. ಹಾವು ಕಂಡವರು ದೂರದಿಂದಲೇ ನೋಡಿ, ದಿನ, ಹೊತ್ತು, ಸ್ಥಳ, ಅದು ಏನು ಮಾಡುತ್ತಿತ್ತು ಎಂಬುದನ್ನು ನಾಲ್ಕು ಸಾಲು ಬರೆಯಬೇಕೆಂದೆ. ಮೊದಮೊದಲು ಏಳು ಹೆಡೆಯ ಹಾವುಗಳೂ ಬಂದವು. ಬರುಬರುತ್ತ ಬರವಣಿಗೆ ನೆಲಕ್ಕಿಳಿಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ಹಳೆಯ ತಿಪ್ಪೆಯಲ್ಲಿ ಸೀಳಿದ ಹನ್ನೊಂದು ಮೊಟ್ಟೆಯ ಹೊದಿಕೆಗಳು ಸಿಕ್ಕವೆಂದು ಬರೆದಿದ್ದಳು. "ಕೇರೆಯದೇ ಎಂದು ಹೇಗೆ ಹೇಳುತ್ತೀಯಮ್ಮ?" ಎಂದು ಕೇಳಿದೆ. ಅವಳು ಪುಸ್ತಕದಲ್ಲಿ ಹಿಂದಿನ ಪುಟಗಳನ್ನು ತಿರುವಿ ತೋರಿಸಿದಳು. ಎರಡು ತಿಂಗಳ ಹಿಂದೆ, ಬೆಳಗಿನ ಹತ್ತು ಗಂಟೆಗೆ, ಅದೇ ತಿಪ್ಪೆಯೊಳಗೆ ದೊಡ್ಡ ಕಣ್ಣಿನ, ತುಟಿಯ ಮೇಲೆ ಕಪ್ಪು ಗೆರೆಯಿದ್ದ ಹಾವೊಂದು ಹೋದದ್ದನ್ನು ಅವಳು ಕಂಡು ಬರೆದಿದ್ದಳು. "ನಮ್ಮಪ್ಪ ಕೋಲು ತಂದರು ಸಾರ್. ನಾನೇ ಬೇಡ ಎಂದೆ" ಎಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಜಾಣತನದ ಮಾತಿಗೆ ಬಳಸುತ್ತೇವೆ. ಆ ಹುಡುಗಿಯ ಮನೆಯ ಹಿತ್ತಿಲಲ್ಲಿ ಅದು ಅಕ್ಷರಶಃ ನಡೆದಿತ್ತು.